ಆರನೇ ಪಿಕ್: ಪವರ್ 75 ಆಗಬಹುದಾದ 18ರ ಹುಡುಗ, ತೆಗೆದುಕೊಳ್ಳಲಾ ಬಿಡಲಾ?

ನಿದ್ದೆಗೆಟ್ಟ_ಜಿಎಂ
ಎಲ್ಲರಿಗೂ ನಮಸ್ಕಾರ. ಶನಿವಾರ ರಾತ್ರಿ ನಮ್ಮ ಆನ್‌ಲೈನ್ ಲೀಗಿನ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು. ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್ ಅನ್ನುವ, ತಂಡ ನಡೆಸುವ ಕಂಪ್ಯೂಟರ್ ಆಟ, 24 ತಂಡ, ಆಟಗಾರರೆಲ್ಲ ಕಾಲ್ಪನಿಕ. ನನಗೆ ಆರನೇ ಪಿಕ್. ಇಬ್ಬರ ನಡುವೆ ಮೂರು ದಿನದಿಂದ ಒದ್ದಾಡುತ್ತಿದ್ದೇನೆ.

ಒಬ್ಬ ಟೆಕ್ಸಾಸಿನ ಹೈಸ್ಕೂಲ್ ಹುಡುಗ. ವಯಸ್ಸು 18, ಸೆಂಟರ್ ಫೀಲ್ಡ್. ಈಗಿನ ರೇಟಿಂಗ್ ನೋಡಿದರೆ ನಗು ಬರುತ್ತದೆ. ಕಾಂಟ್ಯಾಕ್ಟ್ (ಹಿಟ್ ಪಡೆಯುವುದು) 25, ಪವರ್ 40, ಕಣ್ಣು (ಕೆಟ್ಟ ಚೆಂಡು ಗುರುತಿಸಿ ಬಿಡುವುದು) 30, ಸ್ಟ್ರೈಕೌಟ್ (ಮೂರು ಸ್ಟ್ರೈಕ್ ಬಿದ್ದು ಔಟ್ ಆಗುವುದು) ತಪ್ಪಿಸುವುದು 25. ಆದರೆ ನನ್ನ ಸ್ಕೌಟ್ (ಆಟಗಾರರನ್ನು ಅಳೆದು ಹೇಳುವವನು) ಹೇಳುವ ಪ್ರಕಾರ ಮುಂದೆ ಪವರ್ 75 ಆಗುತ್ತದೆ, ಕಾಂಟ್ಯಾಕ್ಟ್ 50, ಕಣ್ಣು 50. ಸ್ಟ್ರೈಕೌಟ್ ತಪ್ಪಿಸುವುದು ಮಾತ್ರ 40ಕ್ಕೇ ನಿಲ್ಲುತ್ತದಂತೆ. ಮೇಲಿಂದ ಸ್ಲಾಟ್‌ಗಿಂತ (ಆ ಪಿಕ್ಕಿಗೆ ನಿಗದಿಯಾದ ಮೊತ್ತಕ್ಕಿಂತ) ಜಾಸ್ತಿ ಬೋನಸ್ ಕೇಳುತ್ತಿದ್ದಾನೆ.

ಇನ್ನೊಬ್ಬ ಕಾಲೇಜು ಹುಡುಗ. ವಯಸ್ಸು 21, ಸೆಕೆಂಡ್ ಬೇಸ್. ಕಾಂಟ್ಯಾಕ್ಟ್ ಈಗಲೇ 50, ಮುಂದೆ 60. ಪವರ್ 45 ದಾಟುವುದಿಲ್ಲ. ಎರಡು ವರ್ಷದಲ್ಲಿ ಮೇಲೆ ಬರುತ್ತಾನೆ, ಎಂಟು ವರ್ಷ ಆಡುತ್ತಾನೆ, ಯಾರೂ ಅವನ ಪೋಸ್ಟರ್ ಹಾಕಿಕೊಳ್ಳುವುದಿಲ್ಲ. ಅಂಥವನು.

ಸಮಸ್ಯೆ ಏನೆಂದರೆ ಕಳೆದ ಮೂರು ಡ್ರಾಫ್ಟಿನಲ್ಲೂ ನಾನು ಮೊದಲನೇ ಥರದವರನ್ನೇ ಎತ್ತಿಕೊಂಡೆ. ಒಬ್ಬ 24 ವರ್ಷವಾದರೂ ಡಬಲ್ ಎ (ಮೇಜರ್ ಲೀಗಿಗಿಂತ ಎರಡು ಮೆಟ್ಟಿಲು ಕೆಳಗಿನ ಹಂತ) ದಾಟಿಲ್ಲ, ಗಾಳಿಗೆ ಬ್ಯಾಟ್ ಬೀಸುತ್ತಲೇ ಇದ್ದಾನೆ. ಒಬ್ಬನ ಮೊಣಕಾಲು ಹೋಯಿತು. ಮೂರನೆಯವನ ಪವರ್ ಪೊಟೆನ್ಷಿಯಲ್ ಒಂದೇ ಚಳಿಗಾಲದಲ್ಲಿ 70ರಿಂದ 45ಕ್ಕೆ ಇಳಿಯಿತು. ಬೆಳಿಗ್ಗೆ ಎದ್ದು ನೋಡಿದಾಗ ಯಾರೋ ಮನೆ ಖಾಲಿ ಮಾಡಿದ ಹಾಗಿತ್ತು.

ಈಗ ಹೇಳಿ. ನಾಲ್ಕನೇ ಸಲವೂ ಹೋಗಲಾ?

ಫೌಲ್_ಬಾಲ್
ಮೂರು ಸಲ ಸುಟ್ಟ ಕೈಯನ್ನು ಮತ್ತೆ ಒಲೆಗೆ ಇಡಲಾ ಅಂತ ಕೇಳುತ್ತಿದ್ದೀರಿ. ಇಡಿ, ನಮಗೂ ನೋಡೋಕೆ ಚೆನ್ನಾಗಿರುತ್ತದೆ.

ಬುಲ್‌ಪೆನ್_ಭಟ್ಟ
ಬೇಡವೇ ಬೇಡ. ಸ್ಟ್ರೈಕೌಟ್ ತಪ್ಪಿಸುವ ಪೊಟೆನ್ಷಿಯಲ್ 40 ಅಂದರೆ ಎಲ್ಲ ಸರಿಹೋದರೂ 40. ಎಲ್ಲ ಸರಿಹೋಗುವುದು ಎಷ್ಟು ಸಲ? ನಾನಂತೂ ಇಂಥ ಹುಡುಗರ ಹೆಸರು ಬಂದ ಕೂಡಲೇ ಪುಟ ತಿರುಗಿಸುತ್ತೇನೆ. ನನ್ನ ಪಿಕ್ ನಿಮಗಿಂತ ಒಂದು ಮುಂದೆ ಇದೆ, ನಾನು ಅವನನ್ನು ಮುಟ್ಟುವುದಿಲ್ಲ. ಬರೆದಿಟ್ಟುಕೊಳ್ಳಿ.

ಅಂಕಿ_ಸಂಗಯ್ಯ
ಎಲ್ಲರೂ ಒಂದು ವಿಷಯ ಮರೆಯುತ್ತೀರಿ. ಈ ಆಟದಲ್ಲಿ ಕಾಂಟ್ಯಾಕ್ಟ್ ಅನ್ನುವುದು ಒಂಟಿ ಗುಣ ಅಲ್ಲ. ಸ್ಟ್ರೈಕೌಟ್ ತಪ್ಪಿಸುವುದು, ಪವರ್, ಹೊಡೆದ ಚೆಂಡು ಫೀಲ್ಡರ್ ಕೈಗೆ ಸಿಗದೆ ಬೀಳುವುದು, ಈ ಮೂರೂ ಸೇರಿ ಆಗುವ ಕಲಸು ಅದು. ಹೋಮ್ ರನ್ ಕೂಡ ಹಿಟ್ ತಾನೇ? ಹಾಗಾಗಿ ಪವರ್ ಜಾಸ್ತಿ ಇದ್ದವನ ಕಾಂಟ್ಯಾಕ್ಟ್ ತಾನಾಗಿಯೇ ಮೇಲೆ ಕಾಣುತ್ತದೆ.

ಈಗ ನಿಮ್ಮ ಟೆಕ್ಸಾಸ್ ಹುಡುಗನನ್ನು ನೋಡಿ. ಸ್ಟ್ರೈಕೌಟ್ ತಪ್ಪಿಸುವುದು 40, ಆದರೂ ಕಾಂಟ್ಯಾಕ್ಟ್ 50. ಆ ಹತ್ತು ಎಲ್ಲಿಂದ ಬಂತು? ಬಹುಪಾಲು ಪವರ್ 75ರಿಂದಲೇ. ಅಂದರೆ ಪವರ್ 75ರ ಬದಲು 55ಕ್ಕೆ ನಿಂತರೆ ಬರೀ ಹೋಮ್ ರನ್ ಕಮ್ಮಿ ಆಗುವುದಿಲ್ಲ, ಕಾಂಟ್ಯಾಕ್ಟ್ ಕೂಡ ಜೊತೆಗೇ ಜಾರುತ್ತದೆ. ಒಂದು ಕಂಬ ಬಿದ್ದರೆ ಎರಡು ಗೋಡೆ ಬೀಳುವ ಮನೆ. ಕಾಲೇಜು ಹುಡುಗನಿಗೆ ಈ ಕಷ್ಟ ಇಲ್ಲ. ಅವನ ಕಾಂಟ್ಯಾಕ್ಟ್ ನಿಂತಿರುವುದು ಸ್ಟ್ರೈಕೌಟ್ ಆಗದಿರುವುದರ ಮೇಲೆ.

ನಿದ್ದೆಗೆಟ್ಟ_ಜಿಎಂ
ಸಂಗಯ್ಯನವರೇ, ಇದು ನನಗೆ ಗೊತ್ತಿರಲಿಲ್ಲ. ಮೂರನೆಯವನ ಪವರ್ ಇಳಿದಾಗ ಕಾಂಟ್ಯಾಕ್ಟ್ ಯಾಕೆ ಇಳಿಯಿತು ಅಂತ ಈಗ ಅರ್ಥ ಆಯಿತು. ಆಗ ನಾನು ಕೋಚನ್ನು ಕಿತ್ತುಹಾಕಿದ್ದೆ. ಪಾಪ.

ಬರೀ_ನೋಡುಗ
ಹೊಸಬ. ಈ 25, 40, 75 ಎಲ್ಲ ಎಷ್ಟಕ್ಕೆ? ನೂರಕ್ಕಾ?

ಹಳೇ_ಸ್ಕೌಟ್
ನೂರಕ್ಕಲ್ಲ. 20ರಿಂದ 80ರವರೆಗಿನ ಅಳತೆ. ಅಮೆರಿಕದ ನಿಜವಾದ ಸ್ಕೌಟ್‌ಗಳು ಬಳಸುವುದೂ ಇದೇ. ಹಳೇ ಕಾಲದ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ ಕಾಲದಿಂದ ಬಂದದ್ದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. 50 ಅಂದರೆ ಮೇಜರ್ ಲೀಗಿನ ಸರಾಸರಿ ಆಟಗಾರ. 60 ಅಂದರೆ ಎದ್ದು ಕಾಣುವವನು. 70 ಅಪರೂಪ, 80 ಅಂದರೆ ತಲೆಮಾರಿಗೆ ಕೆಲವರು. 75 ನೋಡಿ ನಿಮ್ಮ ಗೆಳೆಯರ ನಿದ್ದೆ ಹಾರಿರುವುದಕ್ಕೆ ಕಾರಣ ಇದೇ.

ಇನ್ನು ಮೂಲ ಪ್ರಶ್ನೆ. ನಾನು ಹುಡುಗನ ಪರ. 2009ರ ನಿಜವಾದ ಡ್ರಾಫ್ಟ್ ನೆನಪಿಸಿಕೊಳ್ಳಿ. ಮೈಕ್ ಟ್ರೌಟ್ ನ್ಯೂಜೆರ್ಸಿಯ ಹೈಸ್ಕೂಲ್ ಹುಡುಗ, 24ನೇ ಪಿಕ್. ಮೊದಲು ಕರೆದವರೆಲ್ಲ ಅವನನ್ನು ದಾಟಿ ಹೋದರು. ಅದೇ ಡ್ರಾಫ್ಟಿನಲ್ಲಿ ಎರಡನೇ ಪಿಕ್ ಯಾರು? ಡಸ್ಟಿನ್ ಆಕ್ಲಿ. ನಾರ್ತ್ ಕ್ಯಾರೊಲಿನಾ ಕಾಲೇಜಿನಿಂದ ಬಂದ "ಸೇಫ್" ಬ್ಯಾಟ್. ಅವನು ಏನಾದ ಅಂತ ಸಿಯಾಟಲ್ ಅಭಿಮಾನಿಗಳನ್ನು ಕೇಳಬೇಡಿ, ಅಳುತ್ತಾರೆ.

ಅಂಕಿ_ಸಂಗಯ್ಯ
ಟ್ರೌಟ್ 24 ಅಲ್ಲ, 25.

ಹಳೇ_ಸ್ಕೌಟ್
ಒಂದು ಅಂಕಕ್ಕೆ ನನ್ನ ವಾದ ಬಿದ್ದುಹೋಗುತ್ತದಾ?

ಅಂಕಿ_ಸಂಗಯ್ಯ
ಬೀಳುವುದಿಲ್ಲ, ಆದರೆ ಆ ಒಂದು ಅಂಕದಲ್ಲೇ ಮಜಾ ಇದೆ. 24ನೇ ಪಿಕ್ ಕೂಡ ಏಂಜೆಲ್ಸ್ ತಂಡದ್ದೇ. ಅದರಲ್ಲಿ ತೆಗೆದುಕೊಂಡದ್ದು ರ್‍ಯಾಂಡಲ್ ಗ್ರಿಚಕ್, ಅವನೂ ಹೈಸ್ಕೂಲ್ ಔಟ್‌ಫೀಲ್ಡರ್. ಬೇರೆ ತಂಡಗಳು ಅವರ ಆಟಗಾರರನ್ನು ಎಳೆದುಕೊಂಡಿದ್ದಕ್ಕೆ ಪರಿಹಾರವಾಗಿ ಸಿಕ್ಕಿದ ಎರಡು ಪಿಕ್, ಒಂದರ ಹಿಂದೆ ಒಂದು. ಟ್ರೌಟ್‌ಗೆ ಮೂರು ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ) ಬಂತು. ಗ್ರಿಚಕ್ ಹಲವು ತಂಡ ಸುತ್ತಿದ. ಪವರ್ ಇತ್ತು, ವಾಕ್ (ನಾಲ್ಕು ಕೆಟ್ಟ ಚೆಂಡು ಬಿಟ್ಟು ಸಿಗುವ ಫಸ್ಟ್ ಬೇಸ್) ಕಮ್ಮಿ. ಕೆಟ್ಟ ಆಟಗಾರ ಅಲ್ಲ, ಆದರೆ ಟ್ರೌಟ್ ಅಲ್ಲ. ಏಂಜೆಲ್ಸ್‌ಗೇ ಇಬ್ಬರಲ್ಲಿ ಯಾರು ದೇವರು ಅಂತ ಗೊತ್ತಿದ್ದರೆ ಮೊದಲು ಟ್ರೌಟ್ ಹೆಸರು ಕರೆಯುತ್ತಿದ್ದರು, ಅಲ್ವಾ?

ಸುಮಾ_ಶಾರ್ಟ್‌ಸ್ಟಾಪ್
ನಾನು ಈ ಲೀಗಿನ ಕಮಿಷನರ್, ಆದ್ದರಿಂದ ಇವನನ್ನು ತೆಗೆದುಕೊಳ್ಳಿ, ಅವನನ್ನು ಬಿಡಿ ಅಂತ ಹೇಳುವಂತಿಲ್ಲ. ಸಾಮಾನ್ಯವಾಗಿ ನಾನು ಏನು ನೋಡುತ್ತೇನೆ ಅಂತ ಮಾತ್ರ ಹೇಳುತ್ತೇನೆ.

ಮೊದಲು ನಿಮ್ಮ ಸ್ಕೌಟಿನ ಸ್ವಭಾವ ತೆಗೆದು ನೋಡಿ. ಕೆಲವರು ಟೂಲ್ಸ್‌ಗೆ ಒಲಿದವರು, ಅಂದರೆ ಹುಟ್ಟು ಸಾಮರ್ಥ್ಯಕ್ಕೆ, ಕೆಲವರು ಈಗಿನ ಆಟಕ್ಕೆ. ಟೂಲ್ಸ್ ಮೆಚ್ಚುವ ಸ್ಕೌಟ್ ಇಟ್ಟುಕೊಂಡು ಹೈಸ್ಕೂಲ್ ಹುಡುಗರ ಪೊಟೆನ್ಷಿಯಲ್ ಓದುವುದು, ಅಜ್ಜಿಯನ್ನು ಕೇಳಿ ಮೊಮ್ಮಗನ ಅಂಕಪಟ್ಟಿ ಬರೆದ ಹಾಗೆ. ಆಮೇಲೆ ಓಎಸ್ಎ (ಆಟದೊಳಗೇ ಇರುವ, ಎಲ್ಲ ತಂಡಕ್ಕೂ ಒಂದೇ ಆದ ಸ್ಕೌಟಿಂಗ್ ಸಂಸ್ಥೆ) ಕೊಡುವ ಎರಡನೇ ಅಭಿಪ್ರಾಯ ನೋಡಿ. ಎರಡರ ನಡುವೆ ಅಂತರ ಎಷ್ಟಿದೆಯೋ ಅಷ್ಟು ನಿಮ್ಮ ರಿಸ್ಕ್.

ಆಮೇಲೆ ನೋಡುವುದು ಗ್ಲೌಸ್. ಬ್ಯಾಟ್ ಕೈಕೊಟ್ಟ ದಿನ ಇವನು ಏನು ಮಾಡುತ್ತಾನೆ? ಸೆಂಟರ್ ಫೀಲ್ಡ್ ನಿಜವಾಗಿ ಆಡಬಲ್ಲವನಾದರೆ ಕನಿಷ್ಠ ಬೆಂಚಿನ ನಾಲ್ಕನೇ ಔಟ್‌ಫೀಲ್ಡರ್ ಆದರೂ ಆಗುತ್ತಾನೆ. ಫಸ್ಟ್ ಬೇಸ್ ಬಿಟ್ಟು ಬೇರೇನೂ ಬಾರದ ಪವರ್ ಹುಡುಗನಿಗೆ ಕೆಳಗೆ ಬಲೆ ಇರುವುದಿಲ್ಲ. ಅವನು ಹೊಡೆಯಬೇಕು, ಇಲ್ಲವೇ ಮನೆಗೆ ಹೋಗಬೇಕು.

ಮತ್ತೆ ಯಾರೂ ಕೇಳುವ ಮೊದಲೇ ಹೇಳುತ್ತೇನೆ. ಟ್ಯಾಲೆಂಟ್ ಏರಿಳಿತದ ಸೆಟ್ಟಿಂಗ್ ನಮ್ಮಲ್ಲಿ 100, ಆಟ ಬಂದ ಹಾಗೇ ಬಿಟ್ಟಿದ್ದೇನೆ. ಯಾರ ಹುಡುಗ ಬಿದ್ದರೂ ಅದರಲ್ಲಿ ನನ್ನ ಕೈವಾಡ ಇಲ್ಲ.

ನಿದ್ದೆಗೆಟ್ಟ_ಜಿಎಂ
ಮೇಡಂ, ಈಗಷ್ಟೇ ನೋಡಿದೆ. ನನ್ನ ಸ್ಕೌಟ್ ಟೂಲ್ಸ್ ಕಡೆಗೇ ವಾಲಿದವನು. ನಾಲ್ಕು ವರ್ಷದಿಂದ ಸಂಬಳ ಕೊಡುತ್ತಿದ್ದೇನೆ, ಒಂದು ಸಲವೂ ಆ ಪುಟ ತೆರೆದಿರಲಿಲ್ಲ. ಓಎಸ್ಎ ಪ್ರಕಾರ ಹುಡುಗನ ಪವರ್ 65, ಕಾಂಟ್ಯಾಕ್ಟ್ 45, ಸ್ಟ್ರೈಕೌಟ್ ತಪ್ಪಿಸುವುದು 35. ಕಣ್ಣು ಮಾತ್ರ ಇಬ್ಬರೂ 50 ಅನ್ನುತ್ತಾರೆ. ಸೆಂಟರ್ ಫೀಲ್ಡ್ ಚೆನ್ನಾಗಿಯೇ ಆಡುತ್ತಾನೆ. ಗಾಯದ ವಿಷಯ ನಾರ್ಮಲ್. ದುಡಿಯುವ ಮನಸ್ಸು ನಾರ್ಮಲ್, ಬುದ್ಧಿ ಜಾಸ್ತಿ.

ಬುಲ್‌ಪೆನ್_ಭಟ್ಟ
35! ಮುಗಿಯಿತು. ಸಭೆ ಬರಖಾಸ್ತು.

ನಾಲ್ಕು_ಬಾಲ್
ಭಟ್ಟರೇ, ಅವಸರ ಮಾಡಬೇಡಿ. ಇಡೀ ವರದಿಯಲ್ಲಿ ನನಗೆ ಕಂಡದ್ದು ಒಂದೇ ಸಾಲು. ಕಣ್ಣು ಇಬ್ಬರೂ 50 ಅನ್ನುತ್ತಾರೆ. ಸ್ಕೌಟ್ ಹುಚ್ಚನಾಗಿದ್ದರೂ ಓಎಸ್ಎ ಅದೇ ಹೇಳುತ್ತಿದೆ.

ಸ್ಟ್ರೈಕೌಟ್ ಆಗುವ ಹುಡುಗರಲ್ಲಿ ಎರಡು ಜಾತಿ. ಒಬ್ಬ ಯಾವ ಚೆಂಡಿಗೆ ಬೀಸಬೇಕು ಅಂತ ಗೊತ್ತಿಲ್ಲದೆ ಔಟ್ ಆಗುತ್ತಾನೆ. ಇನ್ನೊಬ್ಬ ಗೊತ್ತಿದ್ದೂ ಬ್ಯಾಟ್ ತಾಗದೆ ಔಟ್ ಆಗುತ್ತಾನೆ. ಎರಡನೆಯವನ ಜೊತೆ ಬದುಕಬಹುದು. ಯಾಕೆಂದರೆ ಪಿಚರ್ ಹೆದರಿ ಹೊರಗೆ ಎಸೆದಾಗ ಅವನು ಸುಮ್ನೆ ನಿಂತು ನಾಲ್ಕು ಬಾಲ್ ಎಣಿಸಿಕೊಂಡು ಫಸ್ಟ್ ಬೇಸಿಗೆ ನಡೆದು ಹೋಗುತ್ತಾನೆ.

ಆರನ್ ಜಡ್ಜ್ ನೋಡಿ. 2016ರಲ್ಲಿ ಮೇಲೆ ಬಂದಾಗ 84 ಸಲ ಬ್ಯಾಟ್ ಹಿಡಿದು 42 ಸ್ಟ್ರೈಕೌಟ್. ಸರಿಯಾಗಿ ಅರ್ಧ. ಬ್ಯಾಟಿಂಗ್ ಸರಾಸರಿ .179, ಅಂದರೆ ನೂರಕ್ಕೆ 18 ಹಿಟ್ ಕೂಡ ಇಲ್ಲ. ಆಗ ಈ ವೇದಿಕೆ ಕೇಳಿದ್ದರೆ ಭಟ್ಟರು "ಸಭೆ ಬರಖಾಸ್ತು" ಅನ್ನುತ್ತಿದ್ದರು. ಮರುವರ್ಷ 208 ಸ್ಟ್ರೈಕೌಟ್, ಹೌದು. ಜೊತೆಗೆ 52 ಹೋಮ್ ರನ್, 127 ವಾಕ್. ಸ್ಟ್ರೈಕೌಟ್ ಹೋಗಲೇ ಇಲ್ಲ, ಅದರ ಸುತ್ತ ಬೇರೆಲ್ಲ ಬೆಳೆಯಿತು.

ಬುಲ್‌ಪೆನ್_ಭಟ್ಟ
ಜಡ್ಜ್ ಹೆಸರು ಹೇಳಿ ಎಲ್ಲರೂ ತಪ್ಪಿಸಿಕೊಳ್ಳುತ್ತೀರಿ. ಅವನು ಡ್ರಾಫ್ಟ್ ಆದದ್ದು 2013ರಲ್ಲಿ, ಫ್ರೆಸ್ನೋ ಸ್ಟೇಟ್ ಕಾಲೇಜಿನಿಂದ, 32ನೇ ಪಿಕ್. ಹೈಸ್ಕೂಲ್ ಹುಡುಗ ಅಲ್ಲ, ಆರನೇ ಪಿಕ್ಕೂ ಅಲ್ಲ. ನಿಮ್ಮ ಹುಡುಗನಿಗೆ ಸರಿಯಾದ ಹೋಲಿಕೆ ಜೋಯಿ ಗ್ಯಾಲೊ. 2017ರಲ್ಲಿ 41 ಹೋಮ್ ರನ್, ಸರಾಸರಿ .209. ಮರುವರ್ಷ 40, ಸರಾಸರಿ .206. ಅಂಥವನನ್ನು ಪ್ರತಿದಿನ ನೋಡುತ್ತಾ ಕೂರಲು ನನಗೆ ಎದೆಗಾರಿಕೆ ಇಲ್ಲ.

ನಾಲ್ಕು_ಬಾಲ್
ಧನ್ಯವಾದ, ನನ್ನ ಸಾಕ್ಷಿಯನ್ನು ನೀವೇ ಕರೆತಂದಿರಿ. ಗ್ಯಾಲೊ ವಾಕ್ ತೆಗೆಯುತ್ತಿದ್ದ. 2020 ಮತ್ತು 2021ರಲ್ಲಿ ಔಟ್‌ಫೀಲ್ಡಿಗೆ ಗೋಲ್ಡ್ ಗ್ಲೌ (ಫೀಲ್ಡಿಂಗ್ ಪ್ರಶಸ್ತಿ) ಗೆದ್ದ. ಸರಾಸರಿ .206 ಇದ್ದರೂ ತಂಡದಲ್ಲಿ ಜಾಗ ಇತ್ತು. ಸುಮಾ ಅವರು ಹೇಳಿದ ಬಲೆ ಅದೇ. ಮತ್ತೆ ಅವನು ಹೈಸ್ಕೂಲ್ ಹುಡುಗನೇ, 2012ರಲ್ಲಿ 39ನೇ ಪಿಕ್. ಆ ಪಿಕ್‌ನಲ್ಲಿ ಎರಡು ಸಲ 40 ಹೋಮ್ ರನ್ ಸಿಕ್ಕರೆ ನಾನು ಕಣ್ಣಿಗೆ ಒತ್ತಿಕೊಳ್ಳುತ್ತೇನೆ.

ಬುಲ್‌ಪೆನ್_ಭಟ್ಟ
39ನೇ ಪಿಕ್‌ನಲ್ಲಿ ಒತ್ತಿಕೊಳ್ಳಿ. ಆರನೇದರಲ್ಲಿ ಬೇಡ.

ಫೌಲ್_ಬಾಲ್
ವಿಷಯಾಂತರಕ್ಕೆ ಕ್ಷಮೆ ಇರಲಿ. ಹಿಟ್ಟರ್‌ಗೆ ಕನ್ನಡದಲ್ಲಿ ಏನು ಹೇಳುವುದು? ಪ್ರತಿ ಸಲ "ಹುಡುಗ" ಅಂತ ಬರೆದು ಇದು ವರಾನ್ವೇಷಣೆ ಥರ ಕಾಣುತ್ತಿದೆ. "ಹುಡುಗ ಟೆಕ್ಸಾಸ್, ಬುದ್ಧಿವಂತ, ಸ್ವಲ್ಪ ಜಾಸ್ತಿ ಕೇಳುತ್ತಾನೆ."

ಹಳೇ_ಸ್ಕೌಟ್
ದಾಂಡಿಗ.

ಬರೀ_ನೋಡುಗ
ದಾಂಡಿಗ ಅಂದರೆ ನನಗೆ ಪ್ಯಾಡ್ ಕಟ್ಟಿಕೊಂಡು ಡಿಫೆನ್ಸ್ ಆಡುವವನೇ ಕಣ್ಣ ಮುಂದೆ ಬರುತ್ತಾನೆ.

ನಾಲ್ಕು_ಬಾಲ್
ಹೊಡೆಗಾರ?

ಫೌಲ್_ಬಾಲ್
ಪವರ್ 75 ಇದ್ದರೆ ಹೊಡೆಗಾರ, ಸ್ಟ್ರೈಕೌಟ್ 35 ಇದ್ದರೆ ಬೀಸಣಿಗೆ.

ಎರಡನೇ_ಸುತ್ತು
ಮಾತು ದಾರಿಗೆ ತರುತ್ತೇನೆ. ಹೈ ರಿಸ್ಕ್ ಹುಡುಗರು ಬೇಕೋ ಬೇಡವೋ ಅನ್ನುವುದೇ ತಪ್ಪು ಪ್ರಶ್ನೆ. ಯಾವ ಸುತ್ತಿನಲ್ಲಿ, ಎಷ್ಟು ಜನ ಅನ್ನುವುದು ಪ್ರಶ್ನೆ. ನನ್ನ ಹೆಸರೇ ಹೇಳುವ ಹಾಗೆ ನಾನು ಮೊದಲ ಸುತ್ತಿನಲ್ಲಿ ಗಟ್ಟಿ ಕಾಳು ತೆಗೆದುಕೊಳ್ಳುತ್ತೇನೆ. ಎರಡು, ಮೂರು, ನಾಲ್ಕನೇ ಸುತ್ತಿನಲ್ಲಿ ಒಂದೇ ಸಮ ಹುಚ್ಚು ಹುಡುಗರು. ಒಬ್ಬನ ಮೇಲೆ ಎಲ್ಲ ಇಟ್ಟರೆ ಅದು ಜೂಜು. ನಾಲ್ವರ ಮೇಲೆ ಹಂಚಿದರೆ ಒಬ್ಬನಾದರೂ ಎದ್ದು ನಿಲ್ಲುವ ಆಸೆ ಇಟ್ಟುಕೊಳ್ಳಬಹುದು. ಹಾಗೆ ಸಿಕ್ಕ ಒಬ್ಬ ಈಗ ನನ್ನ ತಂಡದ ಮೂರನೇ ಬ್ಯಾಟರ್. ಉಳಿದ ಮೂವರ ಹೆಸರು ನನಗೇ ನೆನಪಿಲ್ಲ.

ಇನ್ನೊಂದು ದಾರಿಯೂ ಇದೆ. ಆರನೇ ಪಿಕ್‌ನಲ್ಲಿ ಅವನನ್ನೇ ತೆಗೆದುಕೊಳ್ಳಿ, ಆದರೆ ಬೆಳೆಸಬೇಡಿ. ಎಲ್ಲರ ಕಣ್ಣಿಗೂ 75 ಕಾಣುವಾಗಲೇ ಮಾರಿ. ಕನಸಿಗೆ ಕೊಡುವಷ್ಟು ಬೆಲೆಯನ್ನು ಯಾರೂ ನಿಜಕ್ಕೆ ಕೊಡುವುದಿಲ್ಲ. ಮರುದಿನವೇ ಟ್ರೇಡ್ ಹಾಕಿ.

ಸುಮಾ_ಶಾರ್ಟ್‌ಸ್ಟಾಪ್
ಮರುದಿನ ಆಗುವುದಿಲ್ಲ. ನಮ್ಮ ಲೀಗಿನಲ್ಲಿ ಮೇಜರ್ ಲೀಗಿನ ನಿಯಮವೇ. ಈ ವರ್ಷ ಡ್ರಾಫ್ಟ್ ಆದವನನ್ನು ವರ್ಲ್ಡ್ ಸೀರೀಸ್ (ಸೀಸನ್ನಿನ ಫೈನಲ್) ಮುಗಿಯುವವರೆಗೆ ಟ್ರೇಡ್ ಮಾಡುವಂತಿಲ್ಲ.

ಹಳೇ_ಸ್ಕೌಟ್
ಮೊದಲು ಅದು ಇನ್ನೂ ಉದ್ದ ಇತ್ತು, ಒಂದು ವರ್ಷ. ಟ್ರೇ ಟರ್ನರ್ 2014ರಲ್ಲಿ ಪಾಡ್ರೇಸ್‌ಗೆ ಡ್ರಾಫ್ಟ್ ಆದ. ಆ ಡಿಸೆಂಬರಿನಲ್ಲೇ ವಾಷಿಂಗ್ಟನ್‌ಗೆ ಹೋಗುವುದು ಅಂತ ಊರಿಗೆಲ್ಲ ಗೊತ್ತಾಯಿತು. ಆದರೂ 2015ರ ಜೂನ್‌ವರೆಗೆ ಪಾಡ್ರೇಸ್ ಅಂಗಿ ಹಾಕಿಕೊಂಡೇ ಆಡಬೇಕಾಯಿತು. ನಿಶ್ಚಿತಾರ್ಥ ಮುರಿದ ಮನೆಯಲ್ಲೇ ಆರು ತಿಂಗಳು ಉಳಿದ ಹಾಗೆ. ಆಮೇಲೆ ನಿಯಮ ಬದಲಾಯಿಸಿದರು.

ಅಂಕಿ_ಸಂಗಯ್ಯ
ಮಾರುವ ಮಾತು ಬಂತಲ್ಲ, ಎದುರು ಉದಾಹರಣೆ ಕೊಡುತ್ತೇನೆ. 2016ರಲ್ಲಿ ವೈಟ್ ಸಾಕ್ಸ್ ತಂಡಕ್ಕೆ ಒಬ್ಬ ಪಿಚರ್ ಬೇಕಿತ್ತು. ಜೇಮ್ಸ್ ಶೀಲ್ಡ್ಸ್ ತರಲು ಕೊಟ್ಟವರಲ್ಲಿ ಒಬ್ಬ ಹದಿನೇಳರ ಹುಡುಗ, ಆಗಿನ್ನೂ ಒಂದು ವೃತ್ತಿಪರ ಪಂದ್ಯವನ್ನೂ ಆಡಿರಲಿಲ್ಲ. ಫರ್ನಾಂಡೋ ಟಾಟೀಸ್ ಜೂನಿಯರ್, ಆಮೇಲೆ ದೊಡ್ಡ ಸ್ಟಾರ್ ಆದವನು. ಕನಸನ್ನು ಬೇಗ ಮಾರಿದರೂ ಹೀಗಾಗುತ್ತದೆ.

ಎರಡನೇ_ಸುತ್ತು
ಅವನು ಡ್ರಾಫ್ಟ್ ಅಲ್ಲ, ಡೊಮಿನಿಕನ್ ರಿಪಬ್ಲಿಕ್‌ನಿಂದ ಸಹಿ ಹಾಕಿ ಬಂದವನು. ಬೇರೆ ಲೆಕ್ಕ.

ಅಂಕಿ_ಸಂಗಯ್ಯ
ನೋವು ಒಂದೇ ಲೆಕ್ಕ.

ಹಳೇ_ಸ್ಕೌಟ್
ಭಟ್ಟರು ಸ್ಟ್ರೈಕೌಟ್ ಅಂದರೆ ಹಾವು ಕಂಡ ಹಾಗೆ ಆಡುತ್ತಾರೆ. ಅವರಿಗೆ ಒಂದು ಪ್ರಶ್ನೆ. ಮೇಜರ್ ಲೀಗ್ ಇತಿಹಾಸದಲ್ಲಿ ಅತಿ ಹೆಚ್ಚು ಸ್ಟ್ರೈಕೌಟ್ ಆದ ಬ್ಯಾಟರ್ ಯಾರು? ರೆಜ್ಜಿ ಜ್ಯಾಕ್ಸನ್, 2,597 ಸಲ. 563 ಹೋಮ್ ರನ್, ಹಾಲ್ ಆಫ್ ಫೇಮ್. 1966ರಲ್ಲಿ ಎರಡನೇ ಪಿಕ್. ಮೊದಲನೇ ಪಿಕ್ ಇದ್ದ ಮೆಟ್ಸ್ ತಂಡ ಅವನನ್ನು ಬಿಟ್ಟು ಸ್ಟೀವ್ ಚಿಲ್ಕಾಟ್ ಅನ್ನುವ ಕ್ಯಾಚರ್‌ನನ್ನು ತೆಗೆದುಕೊಂಡಿತು. ಅವನು ಮೇಜರ್ ಲೀಗ್ ಮೆಟ್ಟಿಲು ಹತ್ತಲೇ ಇಲ್ಲ.

ಬುಲ್‌ಪೆನ್_ಭಟ್ಟ
ಸ್ಕೌಟಣ್ಣ, ನೀವೇ ಕಾಲಿಗೆ ಕೊಡಲಿ ಹಾಕಿಕೊಂಡಿರಿ. ಚಿಲ್ಕಾಟ್ ಹೈಸ್ಕೂಲ್ ಹುಡುಗ. ಜ್ಯಾಕ್ಸನ್ ಅರಿಜೋನಾ ಸ್ಟೇಟ್ ಕಾಲೇಜಿನವನು. ನಿಮ್ಮ ಕಥೆಯ ನೀತಿ ಏನು? ಕಾಲೇಜು ಹುಡುಗನನ್ನು ತೆಗೆದುಕೊಳ್ಳಿ ಅಂತ.

ಹಳೇ_ಸ್ಕೌಟ್
…ಚಿಲ್ಕಾಟ್‌ಗೆ ಭುಜದ ಗಾಯ ಆಗಿತ್ತು.

ಫೌಲ್_ಬಾಲ್
ಭಟ್ಟರು 1, ಸ್ಕೌಟ್ 0. ಮುಂದಿನ ಇನಿಂಗ್ಸ್.

ಹಳೇ_ಸ್ಕೌಟ್
ಇರಲಿ. 1999ರಲ್ಲಿ ಮೊದಲನೇ ಪಿಕ್ ಜಾಶ್ ಹ್ಯಾಮಿಲ್ಟನ್, ಹೈಸ್ಕೂಲ್. ಮಾದಕ ವ್ಯಸನದಿಂದ ವರ್ಷಗಟ್ಟಲೆ ಆಟದಿಂದ ಹೊರಗಿದ್ದ. ಮೇಜರ್ ಲೀಗಿಗೆ ಬಂದದ್ದು 2007ರಲ್ಲಿ, ಅದೂ ಬೇರೆ ತಂಡಕ್ಕೆ. 2010ರಲ್ಲಿ ಎಂವಿಪಿ, ಮತ್ತೊಂದು ತಂಡಕ್ಕೆ. ಹಾಗಾದರೆ ಡ್ರಾಫ್ಟ್ ಮಾಡಿದವರ ತೀರ್ಮಾನ ಸರಿಯೋ ತಪ್ಪೋ? ಪ್ರತಿಭೆ ಇತ್ತು ಅನ್ನುವುದು ನಿಜವೇ ಆಯಿತು. ಅದೇ 1999ರಲ್ಲಿ ಆಲ್ಬರ್ಟ್ ಪುಜೋಲ್ಸ್ 13ನೇ ಸುತ್ತಿನವರೆಗೆ ಕೂತಿದ್ದ, 402ನೇ ಪಿಕ್. ಇಪ್ಪತ್ತೊಂಬತ್ತು ತಂಡ ತಪ್ಪು ಮಾಡಿದವು ಅಂತ ಹೇಳುವುದು ಸುಲಭ. ತೆಗೆದುಕೊಂಡ ತಂಡವೂ ಮೊದಲ 12 ಸುತ್ತು ಬೇರೆಯವರನ್ನೇ ಕರೆದಿತ್ತಲ್ಲ.

ಬರೀ_ನೋಡುಗ
ಒಂದು ಪ್ರಶ್ನೆ, ಬೈಯಬೇಡಿ. ಡ್ರಾಫ್ಟಿಗೆ ಮೊದಲು ಸೇವ್ ಮಾಡಿಕೊಂಡು, ಐದು ವರ್ಷ ಓಡಿಸಿ, ಹುಡುಗ ಏನಾದ ಅಂತ ನೋಡಿ ವಾಪಸ್ ಬರಬಹುದಲ್ಲ?

ಸುಮಾ_ಶಾರ್ಟ್‌ಸ್ಟಾಪ್
ಆನ್‌ಲೈನ್ ಲೀಗಿನಲ್ಲಿ ಫೈಲ್ ಓಡಿಸುವುದು ನಾನು. ನಿಮ್ಮ ಕಂಪ್ಯೂಟರಿನಲ್ಲಿ ನೀವು ಏನು ಬೇಕಾದರೂ ಮಾಡಿಕೊಳ್ಳಿ, ಪ್ರತಿ ಸಲ ಓಡಿಸಿದಾಗಲೂ ಬೇರೆ ಭವಿಷ್ಯ ಬರುತ್ತದೆ. ಒಂದು ಸಲ ಎಂವಿಪಿ, ಇನ್ನೊಂದು ಸಲ 23ಕ್ಕೆ ನಿವೃತ್ತಿ.

ನಾಲ್ಕು_ಬಾಲ್
ಅದು ಮೋಸ ಅಲ್ಲ, ನನ್ನ ಪ್ರಕಾರ ಪಾಠ. ಒಂಟಿಯಾಗಿ ಆಡುವಾಗ ನಾನು ಒಮ್ಮೆ ಇಂಥದ್ದೇ ಹುಡುಗನನ್ನು ಇಟ್ಟುಕೊಂಡು ಹತ್ತು ಸಲ ಓಡಿಸಿದೆ. ಹತ್ತು ಬೇರೆ ಬೇರೆ ಜೀವನ. ಪೊಟೆನ್ಷಿಯಲ್ ಅಂದರೆ ಭವಿಷ್ಯ ಅಲ್ಲ, ಇವತ್ತಿನ ಅಂದಾಜು ಅಷ್ಟೇ ಅಂತ ಅವತ್ತು ತಲೆಗೆ ಹತ್ತಿತು.

ಅಂಕಿ_ಸಂಗಯ್ಯ
ಹತ್ತರಲ್ಲಿ ಎಷ್ಟು ಸಲ ಸ್ಟಾರ್ ಆದ?

ನಾಲ್ಕು_ಬಾಲ್
ಹೇಳಿದರೆ ಭಟ್ಟರು ಕುಣಿಯುತ್ತಾರೆ. ಒಂದು.

ಬುಲ್‌ಪೆನ್_ಭಟ್ಟ
💃

ಎರಡನೇ_ಸುತ್ತು
ತೆಗೆದುಕೊಂಡ ಮೇಲೆ ಏನು ಮಾಡುತ್ತೀರಿ ಅನ್ನುವುದೂ ಮುಖ್ಯ. ನಿದ್ದೆಗೆಟ್ಟವರೇ, ನಿಮ್ಮ ಡಬಲ್ ಎ ಹುಡುಗನನ್ನು ಎಷ್ಟನೇ ವಯಸ್ಸಿಗೆ ಅಲ್ಲಿಗೆ ಕಳಿಸಿದಿರಿ?

ನಿದ್ದೆಗೆಟ್ಟ_ಜಿಎಂ
ಹತ್ತೊಂಬತ್ತಕ್ಕೆ. ರೂಕಿ ಲೀಗಿನಲ್ಲಿ ಎರಡು ತಿಂಗಳು ಚೆನ್ನಾಗಿ ಹೊಡೆದ. ನನಗೆ ಖುಷಿ ತಡೆಯಲಾಗಲಿಲ್ಲ.

ಎರಡನೇ_ಸುತ್ತು
ಅಯ್ಯೋ ಮಾರಾಯರೇ! ಅದು ಈಜು ಬಂತು ಅಂತ ಮಗುವನ್ನು ಸಮುದ್ರಕ್ಕೆ ಬಿಟ್ಟ ಹಾಗೆ. ಕೆಳಗಿನ ಹಂತದಲ್ಲಿ ಒಂದು ಪೂರ್ತಿ ಸೀಸನ್ ಆಡಲಿ. ಸ್ಟ್ರೈಕೌಟ್ ಎಷ್ಟು ಅಂತಲ್ಲ, ಇಳಿಯುತ್ತಿದೆಯಾ ಅಂತ ನೋಡಿ. ನಿಜ ಜೀವನದಲ್ಲೂ ನೋಡಿ. ಜ್ಯಾಕ್ಸನ್ ಹಾಲಿಡೇ 2022ರ ಮೊದಲನೇ ಪಿಕ್, ಎಲ್ಲರೂ ಕೊಂಡಾಡಿದ ಹುಡುಗ. 2024ರಲ್ಲಿ ಮೇಲೆ ಬಂದು ಮೊದಲ ಹತ್ತು ಪಂದ್ಯದಲ್ಲಿ 34ಕ್ಕೆ 2 ಹಿಟ್. ವಾಪಸ್ ಟ್ರಿಪಲ್ ಎ ಬಸ್ ಹತ್ತಿದ. ಅವನಿಗೇ ಹಾಗಾದರೆ ನಿಮ್ಮ 25 ಕಾಂಟ್ಯಾಕ್ಟಿನವನ ಗತಿ?

ಅವಸರ ಮಾಡುವ ಅಗತ್ಯವೂ ಇಲ್ಲ. ರೂಲ್ 5 ಡ್ರಾಫ್ಟಿಗೆ (ನಮ್ಮ ಕೆಳ ಲೀಗಿನ ಹುಡುಗರನ್ನು ಬೇರೆ ತಂಡ ಎತ್ತಿಕೊಳ್ಳಬಹುದಾದ ಡ್ರಾಫ್ಟ್) ಒಡ್ಡಿಕೊಳ್ಳಲು ಅವನಿಗೆ ನಾಲ್ಕು ಸೀಸನ್ ಇದೆ.

ಅಂಕಿ_ಸಂಗಯ್ಯ
ಐದು. 18 ಅಥವಾ ಅದಕ್ಕಿಂತ ಕಮ್ಮಿ ವಯಸ್ಸಿನಲ್ಲಿ ಸಹಿ ಹಾಕಿದವನಿಗೆ ಐದು, 19 ಅಥವಾ ಅದಕ್ಕಿಂತ ಜಾಸ್ತಿ ಇದ್ದವನಿಗೆ ನಾಲ್ಕು.

ಎರಡನೇ_ಸುತ್ತು
ನೋಡಿ, ನಾನು ಹೇಳಿದ್ದಕ್ಕಿಂತ ಒಂದು ವರ್ಷ ಜಾಸ್ತಿಯೇ ಇದೆ.

ಫೌಲ್_ಬಾಲ್
ಒಂದು ವಿಷಯ ಯಾರೂ ಗಮನಿಸಿಲ್ಲ. ಭಟ್ಟರ ಪಿಕ್ ಐದನೇದು. ನಿದ್ದೆಗೆಟ್ಟವರದು ಆರನೇದು. ಮೂರು ದಿನದಿಂದ ಭಟ್ಟರು ಇಷ್ಟು ಕಷ್ಟಪಟ್ಟು ಆ ಹುಡುಗನನ್ನು ಬೈಯುತ್ತಿರುವುದು ಯಾಕೆ? ತನಗೆ ಬೇಡದ ಸಂಬಂಧವನ್ನು ಯಾರೂ ಇಷ್ಟು ಬೈಯುವುದಿಲ್ಲ.

ಹಳೇ_ಸ್ಕೌಟ್
ಹೌದಲ್ಲ!

ನಾಲ್ಕು_ಬಾಲ್
ಮುಂದಿನ ಪಿಕ್ ಇರುವವನು ಹಿಂದಿನವನಿಗೆ ಯಾಕೆ ಹೆದರಿಸಬೇಕು? ಬೇಕಿದ್ದರೆ ಸುಮ್ನೆ ತೆಗೆದುಕೊಳ್ಳಬಹುದಲ್ಲ. ತರ್ಕವೇ ಇಲ್ಲ.

ಫೌಲ್_ಬಾಲ್
ಏಳನೇ ಪಿಕ್‌ನಲ್ಲಿ ಅವರ ಗೆಳೆಯ ಇದ್ದಾನೋ ಏನೋ. ನನಗೆ ತರ್ಕ ಬೇಡ, ಅನುಮಾನ ಸಾಕು.

ಬುಲ್‌ಪೆನ್_ಭಟ್ಟ
ಟೆಕ್ಸಾಸ್ ಹುಡುಗ ನನಗೆ ಬೇಡ. ಮೊದಲ ದಿನ ಹೇಳಿದೆ, ಈಗಲೂ ಅದೇ. ನನ್ನ ಹೆಸರಿನಲ್ಲೇ ಬುಲ್‌ಪೆನ್ ಇದೆ ಸ್ವಾಮಿ, ಪಿಚರ್‌ಗಳು ಕೂರುವ ಜಾಗ.

ನಿದ್ದೆಗೆಟ್ಟ_ಜಿಎಂ
ಎಲ್ಲರಿಗೂ ಧನ್ಯವಾದ. ಎರಡು ಸಲ ಪೂರ್ತಿ ಓದಿದೆ. ನನಗೆ ಹೊಳೆದದ್ದು ಇಷ್ಟು. ನನ್ನ ಮೂರೂ ಹುಡುಗರಲ್ಲಿ ಕಣ್ಣು 40 ದಾಟಿದವನು ಒಬ್ಬನೂ ಇರಲಿಲ್ಲ. ಇಬ್ಬರು ಫಸ್ಟ್ ಬೇಸ್ ಬಿಟ್ಟು ಬೇರೇನೂ ಆಡುತ್ತಿರಲಿಲ್ಲ. ನಾನು ರಿಸ್ಕ್ ತೆಗೆದುಕೊಂಡದ್ದಲ್ಲ, ಪವರ್ ಅನ್ನುವ ಒಂದೇ ಕಾಲಮ್ ನೋಡಿ ಉಳಿದದ್ದಕ್ಕೆ ಕಣ್ಣು ಮುಚ್ಚಿಕೊಂಡದ್ದು. ಆ ಲೆಕ್ಕದಲ್ಲಿ ಟೆಕ್ಸಾಸ್ ಹುಡುಗ ಅವರೆಲ್ಲರಿಗಿಂತ ಮೇಲು.

ಆದರೂ ನಾಲ್ಕು ವರ್ಷದಿಂದ ಕೊನೇ ಸಾಲಿನಲ್ಲಿ ಕೂತು ಸಾಕಾಗಿದೆ. ಓಎಸ್ಎ ಹೇಳುವ 35 ಗಂಟಲಲ್ಲಿ ಸಿಕ್ಕಿಕೊಂಡಿದೆ. ಹಾಗಾಗಿ ತೀರ್ಮಾನ: ಕಾಲೇಜು ಹುಡುಗ. ಎರಡನೇ ಸುತ್ತಿನಿಂದ ಹುಚ್ಚಾಟ. ಪಟ್ಟಿ ಕಳಿಸಿದ್ದೇನೆ. ಇವತ್ತು ನಿದ್ದೆ ಮಾಡುತ್ತೇನೆ.

ಸುಮಾ_ಶಾರ್ಟ್‌ಸ್ಟಾಪ್
ಡ್ರಾಫ್ಟಿಗೆ ಇನ್ನೂ ಐದು ಗಂಟೆ ಇದೆ. ಪಟ್ಟಿಯನ್ನು ಹೀಗೆ ಬಹಿರಂಗವಾಗಿ ಬರೆಯುತ್ತಾರಾ ಯಾರಾದರೂ?

ನಿದ್ದೆಗೆಟ್ಟ_ಜಿಎಂ
ಭಟ್ಟರು ಪಿಚರ್ ತೆಗೆದುಕೊಳ್ಳುತ್ತಾರೆ ಬಿಡಿ ಮೇಡಂ.

ಫೌಲ್_ಬಾಲ್
ಡ್ರಾಫ್ಟ್ ಶುರು. 1, 2 ಪಿಚರ್. 3 ಕಾಲೇಜು ಶಾರ್ಟ್‌ಸ್ಟಾಪ್. 4 ಕ್ಯಾಚರ್.

ಫೌಲ್_ಬಾಲ್
5… ಹಹಹಹಹ. ಭಟ್ಟರೇ!!

ನಿದ್ದೆಗೆಟ್ಟ_ಜಿಎಂ
ಇದು ಸರಿಯಾ ಭಟ್ಟರೇ? ಕಾಲೇಜು ಹುಡುಗನನ್ನೇ ತೆಗೆದುಕೊಂಡಿರಾ?

ಬುಲ್‌ಪೆನ್_ಭಟ್ಟ
ನಾನು ಎಲ್ಲಾದರೂ ಸುಳ್ಳು ಹೇಳಿದ್ದೇನಾ ನೋಡಿ. ಟೆಕ್ಸಾಸ್ ಹುಡುಗ ಬೇಡ ಅಂದೆ, ಅವನು ಅಲ್ಲೇ ಇದ್ದಾನೆ. ಕಾಲೇಜು ಹುಡುಗ ನನಗೆ ಬೇಡ ಅಂತ ಯಾವ ಸಾಲಿನಲ್ಲಿದೆ? ನನ್ನ ಸೆಕೆಂಡ್ ಬೇಸ್‌ಮನ್‌ಗೆ 36 ವರ್ಷ. ಮೂರು ದಿನ ನೀವೆಲ್ಲ ಕೂತು ಅವನ ಗುಣಗಾನ ಮಾಡಿದಿರಿ, ನಾನೂ ಓದುತ್ತಿದ್ದೆ.

ಅಂಕಿ_ಸಂಗಯ್ಯ
ಮೇಲಿಂದ ಕೆಳಗೆ ಓದಿದೆ. ನಿಜ, ಎಲ್ಲೂ ಹೇಳಿಲ್ಲ.

ನಾಲ್ಕು_ಬಾಲ್
ನಿದ್ದೆಗೆಟ್ಟವರೇ, ಗಡಿಯಾರ ಓಡುತ್ತಿದೆ. ಕಣ್ಣು 50. ಕಣ್ಣು 50. ಕಣ್ಣು 50.

ನಿದ್ದೆಗೆಟ್ಟ_ಜಿಎಂ
ಪಟ್ಟಿಯಲ್ಲಿ ಎರಡನೇ ಹೆಸರು ಅವನದೇ ಇತ್ತು. ಹೋಯಿತು. ಆರನೇ ಪಿಕ್, ಟೆಕ್ಸಾಸ್.

ಹಳೇ_ಸ್ಕೌಟ್
ನನ್ನ ಎದೆ ಇಲ್ಲಿ ಹೊಡೆದುಕೊಳ್ಳುತ್ತಿದೆ. ತಂಡ ನನ್ನದಲ್ಲ.

ನಿದ್ದೆಗೆಟ್ಟ_ಜಿಎಂ
ಎರಡು ವಾರದ ವರದಿ. ಸಹಿ ಹಾಕಿದ. ಅವನು ಕೇಳಿದ್ದು ಕೊಟ್ಟಿದ್ದರಿಂದ ಮೂರು, ನಾಲ್ಕನೇ ಸುತ್ತಿನಲ್ಲಿ ಕಮ್ಮಿ ಬೋನಸ್‌ಗೆ ಒಪ್ಪುವ ಕಾಲೇಜು ಸೀನಿಯರ್‌ಗಳನ್ನು ಹಿಡಿಯಬೇಕಾಯಿತು. ಹುಚ್ಚಾಟದ ಯೋಜನೆ ಪೂರ್ತಿ ತಲೆಕೆಳಗು. ಟೂಲ್ಸ್ ಸ್ಕೌಟ್‌ನನ್ನು ಮನೆಗೆ ಕಳಿಸಿದೆ. ಹುಡುಗ ರೂಕಿ ಲೀಗಿನಲ್ಲಿ 14 ಪಂದ್ಯ ಆಡಿದ್ದಾನೆ. 23 ಸ್ಟ್ರೈಕೌಟ್, 3 ಹೋಮ್ ರನ್, 11 ವಾಕ್. ಸೀಸನ್ ಮುಗಿಯುವವರೆಗೆ ಅಲ್ಲಿಂದ ಕದಲಿಸುವುದಿಲ್ಲ ಅಂತ ಚೀಟಿ ಬರೆದು ಪರದೆಗೆ ಅಂಟಿಸಿದ್ದೇನೆ.

ನಾಲ್ಕು_ಬಾಲ್
11 ವಾಕ್!!

ಅಂಕಿ_ಸಂಗಯ್ಯ
14 ಪಂದ್ಯಕ್ಕೆ ಏನೂ ಅರ್ಥ ಇಲ್ಲ.

ನಾಲ್ಕು_ಬಾಲ್
ಗೊತ್ತು. 11 ವಾಕ್!!

ಬುಲ್‌ಪೆನ್_ಭಟ್ಟ
ನಿದ್ದೆಗೆಟ್ಟವರೇ, ಸುಮ್ನೆ ಕೇಳುತ್ತಿದ್ದೇನೆ. ನಿಮಗೆ ಎಡಗೈ ಪಿಚರ್ ಬೇಕು ಅಂತ ಹೇಳುತ್ತಿದ್ದಿರಲ್ಲ? ನನ್ನ ಹತ್ತಿರ ಇಬ್ಬರು ಇದ್ದಾರೆ. ಆ ಟೆಕ್ಸಾಸ್ ಹುಡುಗ…

ಸುಮಾ_ಶಾರ್ಟ್‌ಸ್ಟಾಪ್
ವರ್ಲ್ಡ್ ಸೀರೀಸ್ ಮುಗಿಯಲಿ ಭಟ್ಟರೇ.

ನಿದ್ದೆಗೆಟ್ಟ_ಜಿಎಂ
ಮುಗಿದ ಮೇಲೂ ಇಲ್ಲಿ ಬೇಡ, ಮೆಸೇಜ್ ಮಾಡಿ. ಇಲ್ಲಿ ಎಲ್ಲರೂ ಓದುತ್ತಾರೆ.